ಘಟ್ಟದಲ್ಲಿ ಕ್ಲಚ್ ಪೆಡಲ್ ತಾನಾಗಿ ಇಳಿಯುತ್ತದೆ: ಹೋಗಿದ್ದು ಪ್ಲೇಟೋ, ಪ್ರೆಷರೋ?

ಹೆಗಡೆ, ಶಿರಸಿ: ನಮಸ್ಕಾರ ನಾಯ್ಕರೇ. ನನ್ನದು ಹಳೆಯ ಡೀಸೆಲ್ ಕಾರು, ಹೈಡ್ರಾಲಿಕ್ ಕ್ಲಚ್. ಪೇಟೆಯಲ್ಲಿ ಓಡಿಸುವಾಗ ಏನೂ ತಕರಾರಿಲ್ಲ. ಆದರೆ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಗೇರಿನಲ್ಲೇ ಕ್ಲಚ್ ಒತ್ತಿ ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ, ಗಾಡಿ ಮುಂದಕ್ಕೆ ಎಳೆಯತೊಡಗುತ್ತದೆ. ನಾಲ್ಕಾರು ಸಲ ಪಂಪ್ ಮಾಡಿದರೆ ಮತ್ತೆ ಸರಿಹೋಗುತ್ತದೆ. ಬಾಟಲಿಯಲ್ಲಿ ಆಯಿಲ್ ಕಡಿಮೆಯಾಗಿಲ್ಲ. ಒಂದು ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಿ ಕ್ಲಚ್ ಸೆಟ್ಟೇ ಬದಲಿಸಬೇಕು ಎನ್ನುತ್ತಾರೆ. ಅಡಿಕೆ ಕೊಯ್ಲಿನ ಹೊತ್ತು, ಗಾಡಿ ನಿಲ್ಲಿಸುವುದು ಕಷ್ಟ. ಏನು ಮಾಡಲಿ?

ನಾಯ್ಕ, ಗ್ಯಾರೇಜು, ಕುಮಟಾ: ಹೆಗಡೆಯವರೇ, ಗೇರ್ ಬಾಕ್ಸ್ ಸದ್ಯ ಅಲ್ಲೇ ಇರಲಿ. ಪ್ಲೇಟ್ ಸವೆದರೆ ಎಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ. ನಿಮ್ಮದು ತದ್ವಿರುದ್ಧ: ಕ್ಲಚ್ ಒತ್ತಿದರೂ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಪಂಪ್ ಮಾಡಿದರೆ ಸರಿಯಾಗುತ್ತದೆ ಎಂದಿರಲ್ಲ, ಅದೇ ದೊಡ್ಡ ಸುಳಿವು. ಸವೆದ ಪ್ಲೇಟ್ ಎಷ್ಟು ಪಂಪ್ ಮಾಡಿದರೂ ಬೆಳೆಯುವುದಿಲ್ಲ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ, ಆ ಒತ್ತಡ ಗೇರ್ ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರನ್ನು ನೂಕಿ ಕ್ಲಚ್ ಬಿಡಿಸುತ್ತದೆ. ಆಯಿಲ್ ಹೊರಗೆ ಸೋರದೆಯೂ ಒತ್ತಡ ಇಳಿಯುತ್ತಿದೆ ಎಂದರೆ ಅದು ಮಾಸ್ಟರ್ ಒಳಗಿನ ರಬ್ಬರ್ ವಾಷರನ್ನು ದಾಟಿ ಹಿಂದಕ್ಕೆ ಜಾರುತ್ತಿರಬೇಕು. ಜಾರಿದ್ದು ಬಾಟಲಿಗೇ ಮರಳುವುದರಿಂದ ಮಟ್ಟ ಇಳಿಯುವುದಿಲ್ಲ. ಇದು ನನ್ನ ಅನುಮಾನ. ಖಾತ್ರಿ ನೀವೇ ಮಾಡಿಕೊಳ್ಳಬಹುದು.

ಎಂಜಿನ್ ಬಂದ್ ಮಾಡಿ ಪೆಡಲನ್ನು ಒಮ್ಮೆ ರಪ್ಪನೆ ಒತ್ತಿ ಹಿಡಿಯಿರಿ, ಇನ್ನೊಮ್ಮೆ ಬಹಳ ನಿಧಾನವಾಗಿ ಒತ್ತಿ. ರಪ್ಪನೆ ಒತ್ತಿದಾಗ ಸವೆದ ವಾಷರಿನ ಅಂಚು ಕೂಡ ಸಿಲಿಂಡರಿನ ಗೋಡೆಗೆ ಅಂಟಿಕೊಂಡು ಒತ್ತಡ ಹಿಡಿಯುತ್ತದೆ. ನಿಧಾನಕ್ಕೆ ಒತ್ತಿದಾಗ ಆಯಿಲ್ ನುಸುಳಿಕೊಳ್ಳುತ್ತದೆ, ಕಾಲಿಗೆ ಗಟ್ಟಿಯೇ ಸಿಗುವುದಿಲ್ಲ. ಆಮೇಲೆ ಚಾಲಕನ ಕಾಲಡಿಯ ಮ್ಯಾಟ್ ಎತ್ತಿ, ಪೆಡಲಿನ ಸರಳು ಒಳಹೋಗುವಲ್ಲಿರುವ ರಬ್ಬರ್ ಬೂಟನ್ನು ಬೆರಳಿನಿಂದ ಮುಟ್ಟಿ ನೋಡಿ. ಒದ್ದೆಯಿದ್ದರೆ ನೀರು ಹಾಕಿ ಉಜ್ಜಿ. ಹೈಡ್ರಾಲಿಕ್ ಕ್ಲಚ್ಚಿಗೆ ಹಾಕುವುದೂ ಬ್ರೇಕ್ ಆಯಿಲೇ. ಅದು ನೀರಿನಲ್ಲಿ ಬೆರೆತು ತೊಳೆದುಹೋಗುತ್ತದೆ, ಎಂಜಿನ್ ಆಯಿಲಿನ ಜಿಡ್ಡು ಹೋಗುವುದಿಲ್ಲ.

ಗಾಂವಕರ, ಅಂಕೋಲಾ: ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಸಣ್ಣ ಕಾರು, ಕ್ಲಚ್ ಬಹಳ ಬಿಗಿಯಾಗಿದೆ. ನಾನೂ ಬ್ರೇಕ್ ಆಯಿಲ್ ಬದಲಿಸಬೇಕೇ?

ನಾಯ್ಕ: ಬೇಡ ಮಾರಾಯರೇ. ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಕ್ಲಚ್ ಕೇಬಲ್ಲಿನದು, ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ಕೇಬಲ್ ಒಣಗಿದೆಯೋ, ಎಳೆ ಹರಿದಿದೆಯೋ ನೋಡಿಸಿ. ಕೇಬಲ್ ಸರಿಯಿದ್ದರೆ ಆಮೇಲೆ ಪ್ಲೇಟಿನ ಮಾತು.

ಹೆಗಡೆ: ನೀವು ಹೇಳಿದಂತೆಯೇ ಆಯಿತು. ರಪ್ಪನೆ ಒತ್ತಿದರೆ ಗಟ್ಟಿ, ನಿಧಾನಕ್ಕೆ ಒತ್ತಿದರೆ ನೆಲಕ್ಕೆ ಹೋಗಿ ಕೂರುತ್ತದೆ. ಬೂಟ್ ಅಂಚಿನಲ್ಲಿ ಸ್ವಲ್ಪ ಜಿಗುಟು ಇತ್ತು, ನೀರಿಗೆ ಹೋಯಿತು. ಬಾಟಲಿಯ ಆಯಿಲ್ ಕಪ್ಪು ಕಷಾಯದ ಹಾಗಿದೆ.

ನಾಯ್ಕ: ಹಾಗಾದರೆ ಮಾಸ್ಟರ್ ಸಿಲಿಂಡರೇ. ಆಯಿಲ್ ಕಪ್ಪಾಗಿರುವುದು ಸವೆದ ರಬ್ಬರಿನ ಪುಡಿಯಿಂದ.

ಆದರೂ ಕೆಲಸ ಕೊಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿಸಿ. ಸ್ಲೇವ್ ಕಡೆಗೆ ಹೋಗುವ ರಬ್ಬರ್ ಹೋಸನ್ನು ಅದಕ್ಕೆಂದೇ ಇರುವ ಕ್ಲಾಂಪಿನಿಂದ ಬಿಗಿದು ಪೆಡಲ್ ಒತ್ತಬೇಕು. ಹಾಗೆ ಬಿಗಿದ ಮೇಲೂ ಪೆಡಲ್ ಇಳಿದರೆ ಮಾಸ್ಟರ್ ಹೋಗಿದೆ. ಕಲ್ಲಿನಂತೆ ನಿಂತರೆ ಮಾಸ್ಟರ್ ಸರಿಯಿದೆ, ತೊಂದರೆ ಕೆಳಗಿದೆ. ಇಕ್ಕಳದಲ್ಲಿ ಹೋಸ್ ಹಿಸುಕಲು ಬಿಡಬೇಡಿ, ಒಳಪದರ ಹರಿಯುತ್ತದೆ. ಪ್ಲಾಸ್ಟಿಕ್ ಪೈಪ್ ಇರುವ ಗಾಡಿಯಲ್ಲಿ ಈ ಪರೀಕ್ಷೆಯೇ ಬೇಡ.

ವಾಷರ್ ಕಿಟ್ ಸಾಕೋ, ಪೂರ್ತಿ ಸಿಲಿಂಡರ್ ಬೇಕೋ ಎಂದು ಕೇಳುತ್ತೀರಿ, ಗೊತ್ತು. ಬಿಚ್ಚಿದ ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಕಿಟ್ ಹಾಕಿದ್ದು ದಂಡ. ಆ ಗುಳಿ ಹೊಸ ವಾಷರನ್ನೂ ತಿನ್ನುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಒಳಗೋಡೆ ಕನ್ನಡಿಯಂತಿರುವ ಹಳೆಯ ಸಿಲಿಂಡರ್ ಸಿಗುವುದು ಅಪರೂಪ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಆ ನೀರು ಲೋಹವನ್ನು ಕೊರೆಯುತ್ತದೆ. ಕುದಿಯುವ ಬಿಂದುವೂ ಇಳಿಯುತ್ತದೆ: ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕ್ಲಚ್ಚಿಗೂ ಬ್ರೇಕಿಗೂ ಬಾಟಲಿ ಒಂದೇ ಆಗಿರುವ ಗಾಡಿಗಳೇ ಹೆಚ್ಚು. ಘಟ್ಟ ಇಳಿಯುವವರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದಕ್ಕೆ ಜಿಪುಣತನ ಮಾಡಬಾರದು.

ತಾಂಡೇಲ, ಕಾರವಾರ: ನಾಯ್ಕರೇ, ನನ್ನ ಗಾಡಿಯಲ್ಲಿ ಬಾಟಲಿಯ ಮಟ್ಟವೇ ಇಳಿಯುತ್ತಿದೆ. ಕಾಲಡಿ ಒಣಗಿದೆ. ಮೊದಲು ಕ್ಲಚ್ ಮೆತ್ತಗಾಯಿತು, ಬ್ರೇಕ್ ಇನ್ನೂ ಸರಿಯಿದೆ. ಸ್ಲೇವ್ ಹೊರಗಡೆಯೇ ಇದೆ, ಆದರೆ ಅದರ ಗಾಳಿ ತೆಗೆಯುವ ನಿಪ್ಪಲ್ ತುಕ್ಕು ಹಿಡಿದು ಕೂತಿದೆ.

ನಾಯ್ಕ: ಬ್ರೇಕ್ ಸರಿಯಿದೆ ಎಂದು ನಿಶ್ಚಿಂತರಾಗಬೇಡಿ. ಒಂದೇ ಬಾಟಲಿಯಾದರೆ ಕ್ಲಚ್ಚಿನ ನಳಿಗೆಯನ್ನು ಸಾಮಾನ್ಯವಾಗಿ ಎತ್ತರದಲ್ಲಿ ಇಟ್ಟಿರುತ್ತಾರೆ. ಆಯಿಲ್ ಇಳಿದಾಗ ಮೊದಲು ಕ್ಲಚ್ ಗಾಳಿ ಎಳೆಯಲಿ, ಬ್ರೇಕಿಗೆ ಉಳಿಯಲಿ ಎಂದೇ ಆ ಏರ್ಪಾಡು. ಬ್ರೇಕ್ ಪ್ಯಾಡ್ ಸವೆದರೂ ಮಟ್ಟ ನಿಧಾನವಾಗಿ ಇಳಿಯುತ್ತದೆ, ಆದರೆ ಕ್ಲಚ್ ಮೆತ್ತಗಾಗುವಷ್ಟು ಇಳಿದಿದ್ದರೆ ಸೋರಿಕೆಯೇ. ಸ್ಲೇವಿನ ಬೂಟ್ ಸರಿಸಿ ನೋಡಿ, ಒಳಗೆ ಆಯಿಲ್ ನಿಂತಿದ್ದರೆ ಸ್ಲೇವ್ ಬದಲಿಸಿ. ಅಲ್ಲಿ ಒಣಗಿದ್ದರೆ ನಾಲ್ಕೂ ಚಕ್ರಗಳ ಒಳಬದಿ ಮತ್ತು ಬ್ರೇಕ್ ಪೈಪ್ ನೋಡಿಸುವವರೆಗೆ ಗಾಡಿ ತೆಗೆಯಬೇಡಿ.

ಸಮುದ್ರದ ಗಾಳಿಗೆ ನಿಪ್ಪಲ್ ಹೀಗೆ ಕೂರುವುದು ನಮ್ಮಲ್ಲೂ ಮಾಮೂಲು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿಸಿ, ಆಮೇಲೆ ಸಡಿಲಿಸಿ. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗುತ್ತವೆ. ಸ್ಲೇವನ್ನೇ ಬದಲಿಸುವುದಾದರೆ ಅದರೊಂದಿಗೆ ಗುದ್ದಾಡುವ ಅಗತ್ಯವೇ ಇಲ್ಲ.

ಹೆಗಡೆ: ಬಿಡಿಭಾಗ ಹುಬ್ಬಳ್ಳಿಯಿಂದ ಬರಬೇಕಂತೆ. ಅಲ್ಲಿಯವರೆಗೆ ಪಂಪ್ ಮಾಡಿಕೊಂಡು ಕುಮಟಾಕ್ಕೆ ಒಮ್ಮೆ ಬಂದು ಹೋಗಬಹುದೇ?

ನಾಯ್ಕ: ಬೇಡ. ಪಂಪ್ ಮಾಡಿದಾಗ ಬಾಟಲಿಯಿಂದ ಹೊಸ ಆಯಿಲ್ ತುಂಬಿಕೊಂಡು ಒಂದು ಸಲಕ್ಕೆ ಕೆಲಸ ನಡೆಯುತ್ತದೆ, ಅಷ್ಟೇ. ತಿರುವಿನಲ್ಲಿ ಗೇರಿನಲ್ಲಿ ನಿಂತಾಗ ಅದು ಕೈಕೊಟ್ಟರೆ ಮುಂದಿನ ಲಾರಿಗೆ ಗುದ್ದುತ್ತೀರಿ. ಪೇಟೆಗೆ ಹೋಗುವುದು ಅನಿವಾರ್ಯವಾದರೆ, ನಿಂತಾಗಲೆಲ್ಲ ನ್ಯೂಟ್ರಲ್ಲಿಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಿರಿ. ಬಸ್ಸಿನಲ್ಲಿ ಹೋದರೆ ಇನ್ನೂ ಒಳ್ಳೆಯದು.

ಹೆಗಡೆ: ಮಾಸ್ಟರ್ ಬದಲಾಯಿತು, ಗೇರ್ ಬಾಕ್ಸ್ ಇಳಿಸಲಿಲ್ಲ. ಈಗ ಪೆಡಲ್ ಇಳಿಯುವುದಿಲ್ಲ, ಆದರೆ ಸ್ಪಂಜಿನಂತೆ ಮೆತ್ತಗಿದೆ. ರಿವರ್ಸ್ ಹಾಕುವಾಗ ಕರ್ ಎನ್ನುತ್ತದೆ.

ನಾಯ್ಕ: ಒಳಗೆ ಗಾಳಿ ಉಳಿದಿದೆ. ಗಾಳಿ ಸರಿಯಾಗಿ ತೆಗೆದಿಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಸಬೇಕು. ಬಿಗಿಸಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲದಿದ್ದರೆ ಹೋದ ಗಾಳಿ ವಾಪಸ್. ಪೆಡಲ್ ತಾನಾಗಿ ಮೇಲೆ ಬಾರದಿದ್ದರೆ ಕೈಯಿಂದ ಎತ್ತಿ. ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತು, ಕಪ್ಪು ಹೋಗಿ ಹೊಸ ಆಯಿಲಿನ ತಿಳಿ ಬಣ್ಣ ಕಾಣುವವರೆಗೂ ಮುಂದುವರಿಸಿ. ನಡುವೆ ಬಾಟಲಿ ಬರಿದಾದರೆ ಎಲ್ಲ ಮೊದಲಿನಿಂದ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹೊಯ್ಯಿರಿ, ಇಲ್ಲದಿದ್ದರೆ ಬಾನೆಟ್ಟಿನ ಬಣ್ಣ ಎದ್ದುಬರುತ್ತದೆ. ತೆಗೆದ ಹಳೆಯ ಆಯಿಲನ್ನು ತೋಟದ ಕಾಲುವೆಗೆ ಸುರಿಯದೆ ಗ್ಯಾರೇಜಿನವರ ಡಬ್ಬಿಗೇ ಕೊಡಿ.