ಮೈ ಸುಡುವಾಗ ಚಳಿ ಯಾಕೆ? ಕೋಶಗಳು ಕಳಿಸುವ ಸುದ್ದಿಯ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಕಳೆದ ವಾರ ನನ್ನ ಮಗನಿಗೆ ಫ್ಲೂ ಬಂದಿತ್ತು. ಹಣೆ ಮುಟ್ಟಿದರೆ ಕೆಂಡ, ಆದರೂ ಚಳಿ ಚಳಿ ಅಂತ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಸೋಂಕು ಇದ್ದದ್ದು ಮೂಗು ಗಂಟಲಲ್ಲಿ, ನೋವು ಮಾತ್ರ ಕಾಲು ಸೊಂಟದಲ್ಲಿ. ವೈರಸ್ ಮೈಯೆಲ್ಲ ಹರಡಿತ್ತಾ? ಡಾಕ್ಟರು “ಅದು ಸೈಟೊಕೈನ್ ಕೆಲಸ” ಅಂದರು. ಹಾಗಂದರೇನು?

ಉತ್ತರ: ನಮಸ್ಕಾರ. ಫ್ಲೂ ವೈರಸ್ ಸಾಮಾನ್ಯವಾಗಿ ಉಸಿರಾಟದ ದಾರಿಯಲ್ಲೇ ಉಳಿಯುತ್ತದೆ. ಕಾಲಿಗೆ ಇಳಿದದ್ದು ಅದರ ಸುದ್ದಿ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಹೊರಬಿಡುವ ಪುಟ್ಟ ಪ್ರೋಟೀನುಗಳೇ ಸೈಟೊಕೈನ್‌ಗಳು.

ಕೋಶಕ್ಕೆ ಕಣ್ಣಿಲ್ಲವಲ್ಲ, ಕಳ್ಳ ಬಂದದ್ದು ಹೇಗೆ ಗೊತ್ತಾಗಬೇಕು? ಅದಕ್ಕೆ ಟೋಲ್ ಬಗೆಯ ಗ್ರಾಹಕ ಪ್ರೋಟೀನುಗಳಿವೆ. ಬ್ಯಾಕ್ಟೀರಿಯಾದ ಹೊರಪೊರೆಯ ತುಣುಕು, ವೈರಸ್ಸಿನ ತಳಿಮಾಹಿತಿ ಹೊತ್ತ ಆರ್‌ಎನ್‌ಎ ಇಂಥವನ್ನು ಅವು ತಡವಿ ಗುರುತಿಸುತ್ತವೆ. ಈ ಜಾಡು ಮೊದಲು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ. 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ನೊಣದಲ್ಲಿ, 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಇಲಿಯಲ್ಲಿ ಇದನ್ನು ತೋರಿಸಿಕೊಟ್ಟಿತು. 2011ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಗುರುತು ಸಿಕ್ಕ ಕೂಡಲೇ ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ಸೈಟೊಕೈನ್ ಬಿಡುತ್ತದೆ. ಅದನ್ನು 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದರು. ಸುದ್ದಿ ಮುಟ್ಟಿದ ಅಕ್ಕಪಕ್ಕದ ಕೋಶಗಳು ವೈರಸ್ಸಿನ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳನ್ನು ಸಜ್ಜು ಮಾಡಿಕೊಳ್ಳುತ್ತವೆ. ವೈರಸ್ ಒಳಹೊಕ್ಕರೆ ತಮ್ಮ ಪ್ರೋಟೀನ್ ತಯಾರಿಕೆಯನ್ನೇ ತಡೆಹಿಡಿಯುತ್ತವೆ. ಸಾಯುವ ಮುಂಚೆ ನೆರೆಮನೆಯ ಬಾಗಿಲು ತಟ್ಟಿ ಹೋಗುವ ಆ ಒಂದು ಕೋಶವನ್ನು ನೆನೆದರೆ ಇಷ್ಟು ವರ್ಷ ಲ್ಯಾಬಿನಲ್ಲಿದ್ದೂ ನನಗೆ ಬೆರಗು ಹೋಗಿಲ್ಲ.

ಇನ್ನು ಚಳಿಯ ವಿಷಯ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ಗಳು ರಕ್ತದಲ್ಲಿ ಹರಿದು, ಮಿದುಳಿನಲ್ಲಿ ಮೈಯ ಶಾಖ ನೋಡಿಕೊಳ್ಳುವ ಹೈಪೊಥಲಾಮಸ್‌ಗೆ ಸುದ್ದಿ ಕೊಡುತ್ತವೆ. ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ, ಮೈಯ ಶಾಖದ ಗುರಿ 37 ಡಿಗ್ರಿಯಿಂದ 39ಕ್ಕೆ ಏರುತ್ತದೆ ಅನ್ನಿ. ಮೈ ಇನ್ನೂ 38ರಲ್ಲಿದ್ದರೆ ಮಿದುಳಿನ ಲೆಕ್ಕಕ್ಕೆ ಅದು ತಣ್ಣಗೇ. ಹಾಗಾಗಿ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸುತ್ತದೆ. ಪ್ಯಾರಸಿಟಮಾಲ್ ಇಳಿಸುವುದು ಈ ಗುರಿಯನ್ನು, ವೈರಸ್ಸನ್ನಲ್ಲ. ಹೆಪಟೈಟಿಸ್ ಸಿ ರೋಗಿಗಳಿಗೆ ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಫ್ಲೂ ಇಲ್ಲದೆಯೇ ಕೆಲವೇ ಗಂಟೆಯಲ್ಲಿ ಜ್ವರ, ನಡುಕ, ಮೈಕೈ ನೋವು ಬರುತ್ತಿತ್ತು.

ಇನ್ನೊಬ್ಬ ಸದಸ್ಯರು: ನನ್ನ ರಿಪೋರ್ಟಿನಲ್ಲಿ ಸಿಆರ್‌ಪಿ ಜಾಸ್ತಿ ಅಂತಿದೆ. ಅದೂ ಇದೇನಾ?

ಉತ್ತರ: ಇದರದ್ದೇ ಮುಂದಿನ ಕೊಂಡಿ. ಇಂಟರ್‌ಲ್ಯೂಕಿನ್-6 ಹೇಳಿದ ಮೇಲೆ ಯಕೃತ್ತು ತಯಾರಿಸುವ ಪ್ರೋಟೀನ್ ಅದು. ಎಲ್ಲೋ ಉರಿಯೂತ ಇದೆ ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ. ರಿಪೋರ್ಟ್ ಬರೆಸಿದ ಡಾಕ್ಟರಿಗೇ ತೋರಿಸಿ.

ಮತ್ತೊಬ್ಬರು: ಹಾಗಾದರೆ ಸೈಟೊಕೈನ್ ಹೆಚ್ಚಿಸುವ ಇಮ್ಯುನಿಟಿ ಪುಡಿ ತಗೋಬಹುದಾ ಮೇಡಂ?

ಉತ್ತರ: ದಯವಿಟ್ಟು ಬೇಡ. ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವ ಜಾತಿಯದಲ್ಲ ಇದು. ಟಿಎನ್‌ಎಫ್ ಎಂಬ ಸೈಟೊಕೈನನ್ನೇ ನೋಡಿ. ಬೆರಳಿಗೆ ಮುಳ್ಳು ಚುಚ್ಚಿದಾಗ ಅಲ್ಲಿನ ರಕ್ತನಾಳದ ಒಳಗೋಡೆಯನ್ನು ಅದು ಅಂಟಂಟಾಗಿಸುತ್ತದೆ. ಹರಿದು ಹೋಗುತ್ತಿದ್ದ ಬಿಳಿರಕ್ತಕಣ ಅಲ್ಲಿ ಉರುಳಿ, ಅಂಟಿ, ಸಂದಿನಲ್ಲಿ ನುಸುಳಿ ಮುಳ್ಳಿನತ್ತ ಹೋಗುತ್ತದೆ. ನಿಮಗೆ ಕಾಣುವ ಕೆಂಪು, ಬಾವು ಅದೇ. ಇದೇ ಕೆಲಸ ಮೈತುಂಬ ಒಟ್ಟಿಗೆ ನಡೆದರೆ ನಾಳಗಳು ಸೋರಿ ಬಿಪಿ ಕುಸಿಯುತ್ತದೆ, ಜೀವಕ್ಕೇ ಅಪಾಯ. ಸಂಧಿವಾತದವರಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಕೊಡುತ್ತಾರೆ, ನೋವು ಇಳಿಯುತ್ತದೆ. ಆದರೆ ಮೈಯೊಳಗೆ ಮಲಗಿರುವ ಕ್ಷಯವನ್ನು ಕಟ್ಟಿಹಾಕುವುದೂ ಟಿಎನ್‌ಎಫ್ಫೇ. ಅದಕ್ಕೇ ಈ ಔಷಧಿಗೆ ಮುಂಚೆ ಕ್ಷಯದ ಪರೀಕ್ಷೆ ಮಾಡಿಸುವುದು.

ಮೊದಲ ಸದಸ್ಯರು: ತುಂಬಾ ಥ್ಯಾಂಕ್ಸ್ ಮೇಡಂ. ಮುಂದಿನ ಸಲ ಜ್ವರ ಇಳಿಸದೆ ಬಿಡಬಹುದಾ?

ಉತ್ತರ: ಮಗು ನೀರು ಕುಡಿದುಕೊಂಡು, ಮಾತಾಡಿಕೊಂಡು ಇದ್ದರೆ ಥರ್ಮಾಮೀಟರಿನ ಹಿಂದೆ ಓಡಬೇಕಿಲ್ಲ. ಸಂಕಟಪಡುತ್ತಿದ್ದರೆ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಸಿಟಮಾಲ್ ಕೊಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ದಾಟಿದರೆ ಮಾತ್ರ ಕಾಯಬೇಡಿ. ಯಾವ ವಯಸ್ಸಿನ ಮಗುವೇ ಆಗಲಿ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.