ಹದಿನಾಲ್ಕು ಆ್ಯಪ್ ಕಲಿಸಿದರು, ಪಾಠ ಮಾತ್ರ ಹಾಗೇ ಇದೆ

ಪ್ರಶ್ನೆ (ಕಾಮರ್ಸ್ ಲೆಕ್ಚರರ್, ಚಿಕ್ಕಬಳ್ಳಾಪುರ): ಮೇಡಂ, ನಮ್ಮದು ಡಿಗ್ರಿ ಕಾಲೇಜು. ಆನ್‌ಲೈನ್ ಪಾಠಕ್ಕೆ ಅಧ್ಯಾಪಕರನ್ನು ತಯಾರು ಮಾಡುವ ಕೆಲಸವನ್ನು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದ್ದಾರೆ. ಒಟ್ಟು 22 ಜನ. ಹೋದ ವರ್ಷ ಹೊರಗಿನವರನ್ನು ಕರೆಸಿ ಒಂದು ದಿನದ ಎಫ್‌ಡಿಪಿ (ಅಧ್ಯಾಪಕರ ತರಬೇತಿ) ಮಾಡಿಸಿದ್ದೆವು. ಸಂಜೆಯೊಳಗೆ 14 ಆ್ಯಪ್ ತೋರಿಸಿದರು. ಊಟ ಚೆನ್ನಾಗಿತ್ತು, ಸರ್ಟಿಫಿಕೇಟೂ ಬಂತು. ಈಗ ನೋಡಿದರೆ ಒಬ್ಬರೂ ಒಂದನ್ನೂ ಬಳಸುತ್ತಿಲ್ಲ. ಗೂಗಲ್ ಮೀಟ್‌ನಲ್ಲಿ ಪಿಪಿಟಿ ಹಾಕಿ 50 ನಿಮಿಷ ಓದುತ್ತಾರೆ, ಅಷ್ಟೇ. ಈ ಸಲ ಎಲ್ಲಿಂದ ಶುರು ಮಾಡಲಿ?

ಉತ್ತರ (ಅಧ್ಯಾಪಕರಿಗೆ ತರಬೇತಿ ಕೊಡುವವರು, ತುಮಕೂರು): ಸರ್, ಆ್ಯಪ್‌ಗಳನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಈ 22 ಜನರನ್ನು ಹುಡುಗರ ಜಾಗದಲ್ಲಿ ಕೂರಿಸಿ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂನಲ್ಲಿ ಒಂದೊಂದು ಕೋರ್ಸಿಗೆ ಸೇರಲಿ. ಸೇರುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದರೆ ಮಾತ್ರ ಫೀಸು. ತಮ್ಮ ವಿಷಯ ಬೇಡ, ಏನೂ ಗೊತ್ತಿಲ್ಲದ ವಿಷಯ ತಗೊಳ್ಳಲಿ. ಎರಡು ವಾರ ಫೋನಿನಲ್ಲೇ ನೋಡಲಿ. ಎಷ್ಟನೇ ನಿಮಿಷಕ್ಕೆ ವಾಟ್ಸಾಪ್ ತೆಗೆದೆ ಅಂತ ಚೀಟಿಯಲ್ಲಿ ಬರೆದಿಡಲಿ. ಒಮ್ಮೆ ನಾನು ಹೀಗೆ ಮಾಡಿಸಿದಾಗ ಹಿರಿಯ ಮೇಷ್ಟ್ರೊಬ್ಬರು "ನಾಲ್ಕನೇ ನಿಮಿಷಕ್ಕೇ ತೂಕಡಿಕೆ ಕಣಮ್ಮ" ಅಂದರು. ಅವರಿಗೆ ನಾನು ಆಮೇಲೆ ಹೆಚ್ಚೇನೂ ಹೇಳಬೇಕಾಗಲಿಲ್ಲ.

ತೂಕಡಿಕೆ ಅವರೊಬ್ಬರದೇ ಅಲ್ಲ ಬಿಡಿ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದ ಕೋರ್ಸುಗಳ ವಿಡಿಯೊಗಳನ್ನು ಜನ ಎಷ್ಟು ಹೊತ್ತು ನೋಡುತ್ತಾರೆ ಅಂತ 2014ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಸುಮಾರು 69 ಲಕ್ಷ ಸಲ ನೋಡಿದ್ದರ ಲೆಕ್ಕ ಅದು. ವಿಡಿಯೊ ಎಷ್ಟೇ ಉದ್ದ ಇರಲಿ, ನೋಡುವವರಲ್ಲಿ ಅರ್ಧದಷ್ಟು ಜನ ಆರು ನಿಮಿಷದೊಳಗೇ ಬಿಟ್ಟು ಹೋಗಿದ್ದರು. ಬರೀ ಸ್ಲೈಡಿಗಿಂತ ಕೈಯಲ್ಲಿ ಬರೆಯುತ್ತಾ ಹೇಳಿದ ಪಾಠವನ್ನು ಜಾಸ್ತಿ ಹೊತ್ತು ನೋಡಿದ್ದರು.

ನಿಮ್ಮ ವಿಷಯದ್ದೇ ತಗೊಳ್ಳಿ, ಸವಕಳಿ ಲೆಕ್ಕ. ಎರಡು ಸ್ಟೀಲ್ ಡಬ್ಬದ ಮೇಲೆ ಸ್ಕೇಲ್ ಅಡ್ಡ ಇಟ್ಟು, ಅದರ ಮೇಲೆ ಫೋನನ್ನು ಸ್ಕ್ರೀನ್ ಮೇಲಾಗಿ ಇಡಿ. ಹಿಂದಿನ ಕ್ಯಾಮೆರಾ ಸ್ಕೇಲಿನಾಚೆ ಇರಲಿ, ಕೆಳಗೆ ಬಿಳಿ ಹಾಳೆ. ಒಂದು ಲಕ್ಷದ ಮಷೀನು, ಶೇ. 10 ಸವಕಳಿ, ರಿಟನ್ ಡೌನ್ ವ್ಯಾಲ್ಯೂ ವಿಧಾನ, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ. ಮೊದಲ ವರ್ಷದ 10,000 ನೀವೇ ಬರೆದು ತೋರಿಸಿ. ಎರಡನೇ ವರ್ಷಕ್ಕೆ ಪೆನ್ ಕೆಳಗಿಡಿ. "ಈಗ ಎಷ್ಟು? ಚಾಟಿನಲ್ಲಿ ಹಾಕಿ" ಅಂತ ಕೇಳಿ ಸುಮ್ನೆ ಕೂತಿರಿ. 9,000 ಹಾಕಿದವರಿಗೆ ಗೊತ್ತಾಗಿದೆ. ಮತ್ತೆ 10,000 ಹಾಕಿದವರು ಉಳಿದ ಬೆಲೆ ಬಿಟ್ಟು ಮೂಲ ಬೆಲೆಯ ಮೇಲೇ ಲೆಕ್ಕ ಹಿಡಿದಿದ್ದಾರೆ. ಇಷ್ಟು ಬೇಗ ತಪ್ಪು ಕೈಗೆ ಸಿಗುವುದು ಬೋರ್ಡಿನ ಮುಂದೆಯೂ ಕಷ್ಟ, ಅಲ್ವಾ?

ತರಬೇತಿಯನ್ನು ಒಂದೇ ದಿನಕ್ಕೆ ತುರುಕಬೇಡಿ. ವಾರಕ್ಕೆ ಒಂದು ಗಂಟೆ, ಆರು ವಾರ. ನಾಲ್ಕೈದು ಜನರ ಗುಂಪು ಮಾಡಿ. ಒಬ್ಬರು ಆರು ನಿಮಿಷ ಪಾಠ ಮಾಡಲಿ, ಉಳಿದವರು ಬೇರೆ ರೂಮಿನಲ್ಲಿ ಕೂತು ಫೋನಿನಲ್ಲಿ ನೋಡಲಿ. ಚೆನ್ನಾಗಿತ್ತು, ಚೆನ್ನಾಗಿಲ್ಲ ಅನ್ನುವುದು ಬೇಡ. ಪಾಠದ ಎಳೆ ಎಲ್ಲಿ ತಪ್ಪಿತು ಅನ್ನುವುದನ್ನಷ್ಟೇ ಹೇಳಬೇಕು.

ಪ್ರಶ್ನೆ (ಕನ್ನಡ ಲೆಕ್ಚರರ್, ಕೋಲಾರ): ಮೇಡಂ, ನನ್ನ ಕ್ಲಾಸಿನಲ್ಲಿ ಒಬ್ಬರೂ ವಿಡಿಯೊ ಆನ್ ಮಾಡಲ್ಲ. ಗೋಡೆಗೆ ಪಾಠ ಹೇಳಿದ ಹಾಗೆ. ಇನ್ನೊಂದು, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಕಳಿಸಿದರೆ "ಬರೀ ಇಂಗ್ಲಿಷ್ ಅಕ್ಷರ ಬರ್ತಿದೆ ಸರ್" ಅಂತಾರೆ.

ಉತ್ತರ: ವಿಡಿಯೊಗೆ ಒತ್ತಾಯ ಬೇಡ ಸರ್. ಒಂದೇ ಕೋಣೆಯ ಮನೆ ಇರುತ್ತೆ, ಡೇಟಾ ಮುಗಿದಿರುತ್ತೆ. ಟೊಮೆಟೊ ಕೀಳುವ ಕಾಲದಲ್ಲಿ ನಿಮ್ಮ ಹುಡುಗ ತೋಟದಲ್ಲೇ ನಿಂತು ಕೇಳುತ್ತಿರಬಹುದು. ಮುಖ ನೋಡುವ ಬದಲು ಕೆಲಸ ಕೊಡಿ. ಒಂದು ವಚನ ಓದಿ, "ನಿಮ್ಮ ಮನೆ ಮಾತಿನಲ್ಲಿ ಇದನ್ನು ಹೇಗೆ ಹೇಳ್ತೀರಿ" ಅಂತ ಒಂದು ವಾಯ್ಸ್ ಮೆಸೇಜ್ ಕೇಳಿ. ಪಾಠದ ಆಡಿಯೊ ಮಾತ್ರ ಬೇರೆ ಮಾಡಿ ಗ್ರೂಪಿಗೆ ಹಾಕಿದರೆ ನೆಟ್‌ವರ್ಕ್ ಇಲ್ಲದವರೂ ಆಮೇಲೆ ಕೇಳುತ್ತಾರೆ.

ನುಡಿಯದ್ದು ಸಣ್ಣ ವಿಷಯ. ನೀವು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ, ಆ ಫಾಂಟು ಹುಡುಗರ ಫೋನಿನಲ್ಲಿಲ್ಲ. ಇನ್ನು ಮುಂದೆ ಯಾವ ಫೋನಿನಲ್ಲೂ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನೋಟ್ಸನ್ನು ಪಿಡಿಎಫ್ ಮಾಡಿ ಕಳಿಸಿದರೆ ಸಾಕು. ನಿಜ ಹೇಳಬೇಕೆಂದರೆ ಆ 14 ಆ್ಯಪ್‌ಗಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ (ಚಿಕ್ಕಬಳ್ಳಾಪುರದವರೇ, ಮತ್ತೆ): ಮೇಡಂ, ನಿನ್ನೆ ಡಬ್ಬ, ಸ್ಕೇಲ್ ಇಟ್ಟು ನೋಡಿದೆ. ಹಾಳೆಯ ಮೇಲೆ ಕೈ ನೆರಳು ಬಿದ್ದು ಅಂಕಿನೇ ಕಾಣಲಿಲ್ಲ. ಧ್ವನಿಯಲ್ಲೂ ಗೊರ್ ಅಂತ ಸದ್ದು.

ಉತ್ತರ: ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದೆ ಇದೆ ಅನ್ನಿಸುತ್ತೆ, ಅದಕ್ಕೇ ನೆರಳು. ಕಿಟಕಿಯನ್ನು ಎಡಗಡೆಗೆ ಮಾಡಿಕೊಂಡು ಕೂರಿ, ಬಲಗೈಯಲ್ಲಿ ಬರೆದರೆ ನೆರಳು ಅಕ್ಷರದ ಮೇಲೆ ಬೀಳಲ್ಲ. ಗೊರ್ ಅನ್ನುವುದು ಫ್ಯಾನು ಸರ್. ಆರು ನಿಮಿಷ ಅಷ್ಟೇ ತಾನೆ, ಆಫ್ ಮಾಡಿ.