ಅಪ್‌ಡೇಟ್: ವ್ಯಾನಿನ ಬ್ಯಾಟರಿ ಕೊನೆಗೂ ತುಂಬಿತು

ಕಳಚಿ ಹೊರಗಿಡುವ 100 ವ್ಯಾಟ್ ಸೋಲಾರ್ ಪ್ಯಾನೆಲ್ ಇದ್ದರೂ ಕ್ಯಾಂಪರ್ ವ್ಯಾನಿನ ಬ್ಯಾಟರಿ ತುಂಬುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಯಾಯ್ತು.

ಪ್ಯಾನೆಲ್ ಒರೆಸಿದೆ, ಬಿಸಿಲಿಗೆ ಓರೆ ಮಾಡಿಟ್ಟೆ. ಏನೂ ಜಾಸ್ತಿ ಆಗಲಿಲ್ಲ. ಕೈ ಹಿಡಿದದ್ದು 'ಕಂಟ್ರೋಲರನ್ನು (ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಡಬ್ಬಿ) ಬ್ಯಾಟರಿ ಪಕ್ಕಕ್ಕೆ ತನ್ನಿ' ಅಂದವರ ಮಾತು. ನಾನದನ್ನು ಪ್ಯಾನೆಲ್ ಬೆನ್ನಿಗೇ ಕೂರಿಸಿ, ಅಲ್ಲಿಂದ ಹತ್ತು ಮೀಟರ್ ಸಪೂರ ವೈರ್ ಎಳೆದಿದ್ದೆ. ಮೀಟರ್ ಹಿಡಿದು ನೋಡಿದರೆ ಕಂಟ್ರೋಲರ್ ಹತ್ತಿರ 14.4 ವೋಲ್ಟ್, ಬ್ಯಾಟರಿ ಹತ್ತಿರ 13.3! ನಡುವಿನ ವೋಲ್ಟೇಜ್ ಸಪೂರ ವೈರಲ್ಲೇ ಹೋಗುತ್ತಿತ್ತು; ತನ್ನ ಹತ್ತಿರದ 14.4 ನೋಡಿ ಬ್ಯಾಟರಿ ತುಂಬಿತು ಅಂದುಕೊಂಡು ಕಂಟ್ರೋಲರ್ ಸುಮ್ನೆ ಕರೆಂಟ್ ಇಳಿಸುತ್ತಿತ್ತು. ಈಗ ಕಂಟ್ರೋಲರ್ ಸೀಟಿನ ಕೆಳಗೆ, ವೈರ್ ದಪ್ಪ, ಬ್ಯಾಟರಿಯ ಪ್ಲಸ್ ಬುಡದಲ್ಲೇ ಫ್ಯೂಸ್.

ಇನ್ನೊಂದು: ಕಾರವಾರದ ಉಪ್ಪುಗಾಳಿಗೆ ಕನೆಕ್ಟರ್ ಪಿನ್ ಆಗಲೇ ಹಸಿರು ಕಿಲುಬು ಹಿಡಿದಿತ್ತು. ತೆಂಗಿನಗರಿ ನೆರಳು ಒಂಚೂರು ಬಿದ್ದರೂ ಆಂಪಿಯರ್ ದಬಕ್ಕನೆ ಇಳಿಯುತ್ತೆ. ಮಾಜಾಳಿ ಕಡೆ ನೆರಳಿಲ್ಲದ ಜಾಗ ಹುಡುಕೋದೇ ಈಗ ಕೆಲಸ.